ಗುರಪಾದ ಕಾಕಾನ ಎಡಗೈ

ಉದಗೀರದಲ್ಲಿ, ಕಾಲೇಜಿನ ಗೇಟಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಬೇಸಿಗೆಯ ಮಧ್ಯಾಹ್ನ ಮಷೀನು ಕಾದು, ಬಿಸಿ ಕಾಗದದ ವಾಸನೆ ಅಂಗಡಿ ತುಂಬ ಹರಡಿದಾಗ ಗಿರಾಕಿಗಳೂ ಬರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಅಂಥದೊಂದು ಮಧ್ಯಾಹ್ನ ನನ್ನ ಮಗಳು ಪಲ್ಲವಿ ಕೌಂಟರಿನ ಹಿಂದೆ ಕೂತು ಫೋನು ನೋಡುತ್ತಿದ್ದವಳು ಕಿಸಕ್ಕನೆ ನಕ್ಕಳು.

"ಮಮ್ಮಿ, ಇದು ನೋಡು. ಹೆಣದ ಕೈ ನೋಡು ಹೆಂಗ ಅದ."

ಯಾವನೋ ಹುಡುಗ ಹಳೆಯ ಮರಾಠಿ ಸಿನಿಮಾಗಳಲ್ಲಿಯ ತಪ್ಪುಗಳನ್ನು ಹುಡುಕಿ ತೋರಿಸುವ ವಿಡಿಯೋ ಅದು. ಚಿತೆಯ ಮೇಲೆ ಒಬ್ಬ ಮುದುಕನ ಹೆಣ ಮಲಗಿದೆ. ಹುಡುಗ ಆ ಹೆಣದ ಎಡಗೈಗೆ ಕೆಂಪು ಗೆರೆಯಲ್ಲಿ ಸುತ್ತುಹಾಕಿ, ಸತ್ತವನ ಕೈ ಹೀಗೆ ಮುಷ್ಟಿ ಬಿಗಿದಿರುತ್ತದೆಯೇ, ಡೈರೆಕ್ಟರು ಮಲಗಿದ್ದರೇ, ಈ ಮುದುಕ ಯಾರನ್ನು ಗುದ್ದಲು ಹೊರಟಿದ್ದಾನೆ ಎಂದೆಲ್ಲ ಕೇಳುತ್ತಿದ್ದ. ಕೆಳಗೆ ಜನ ನಕ್ಕಿದ್ದೇ ನಕ್ಕಿದ್ದು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅದು ಸುಳ್ಳಲ್ಲ. ಮಗಳ ಕೈಯಿಂದ ಫೋನು ಕಸಿದುಕೊಂಡು, ಆ ಹುಡುಗನ ಮೂರು ತಲೆಮಾರಿಗೆ ತಲುಪುವ ಹಾಗೆ ಒಂದು ಉತ್ತರ ಬರೆದೆ. ಕಳಿಸಬೇಕು ಅನ್ನುವಷ್ಟರಲ್ಲಿ ಯಾರೋ ಆಧಾರ ಕಾರ್ಡು ಹಿಡಿದು ಬಂದರು. ಎರಡೂ ಬದಿ ಒಂದೇ ಹಾಳೆಯಲ್ಲಿ ಬರಬೇಕು ಎಂದು ಅವರ ಹಟ. ಅದನ್ನು ಮುಗಿಸುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಉತ್ತರ ಅಲ್ಲೇ ಉಳಿಯಿತು.

"ಅದು ನಮ್ಮ ಗುರಪಾದ ಅಜ್ಜಂದು ಕೈ" ಎಂದು ಪಲ್ಲವಿಗೆ ಹೇಳಿದೆ. ಅವಳು ಮತ್ತೊಮ್ಮೆ ನೋಡಿ, "ಅಜ್ಜಗ ರುಮಾಲ ಇರತದಲ್ಲ?" ಅಂದಳು.

ಅವಳ ತಪ್ಪೂ ಇಲ್ಲ. ನೀವು ಮರಾಠಿ ಧಾರಾವಾಹಿ ನೋಡುವವರಾಗಿದ್ದರೆ ನೀವೂ ನನ್ನ ಗುರಪಾದ ಕಾಕಾನನ್ನು, ಅಂದರೆ ನನ್ನ ಅಪ್ಪನ ತಮ್ಮನನ್ನು, ನೋಡಿಯೇ ಇರುತ್ತೀರಿ. ಹೆಸರು ಮಾತ್ರ ಗೊತ್ತಿರಲಿಕ್ಕಿಲ್ಲ. ಪೋಷಕ ನಟರ ಪಾಡೇ ಅದು. ನಾಯಕನಿಗೆ ಹೆಸರಿರುತ್ತದೆ, ಇವರಿಗೆ ಮುಖ ಮಾತ್ರ. ದೊಡ್ಡ ರುಮಾಲು, ಜೋಲು ಮೀಸೆ, ನಾಯಕಿಯ ಮದುವೆಗೆ ಒಪ್ಪದ ಪಾಟೀಲ, ಇಲ್ಲವೆ ಪಂಚಾಯ್ತಿ ಕಟ್ಟೆಯ ಮೇಲೆ ತಲೆದೂಗುವ ಹಿರಿಯ. ಅವನು ಬಂದು ನಾಲ್ಕು ಮಾತಾಡಿ ಹೋಗುವಷ್ಟರಲ್ಲಿ ನೀವು ಒಳಗೆ ಹೋಗಿ ಚಹಾಕ್ಕೆ ಇಟ್ಟು ಬಂದಿರುತ್ತೀರಿ.

ನಮ್ಮದು ಕಾಸಾರಶಿರಸಿಯ ಜಂಗಮರ ಮನೆ. ಅಜ್ಜ, ಅಪ್ಪ, ಈಗ ನನ್ನ ಅಣ್ಣ, ಎಲ್ಲರೂ ಸುತ್ತಲಿನ ಊರುಗಳಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟಿ, ಮದುವೆ ಮಾಡಿಸಿ, ಹೋದವರನ್ನು ಸಮಾಧಿಯಲ್ಲಿ ಕೂರಿಸಿ ಬದುಕಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಾಕಾ ಚಿಕ್ಕಂದಿನಲ್ಲಿ ಮಠದಲ್ಲಿ ಪುರಾಣ ಓದುತ್ತಿದ್ದನಂತೆ. ರಾಕ್ಷಸರ ಮಾತು ಬಂದರೆ ರಾಕ್ಷಸನ ದನಿ, ಮುದುಕಿಯ ಮಾತು ಬಂದರೆ ಮುದುಕಿಯ ದನಿ. ಕೇಳಲು ಬರುತ್ತಿದ್ದ ಹೆಂಗಸರು ನಿಜದ ಸ್ವಾಮಿಗಳು ಓದುವ ದಿನ ಮನೆಯಲ್ಲೇ ಉಳಿಯುತ್ತಿದ್ದರು. ಆಮೇಲೆ ಉದಗೀರದ ಕಾಲೇಜು, ಅಲ್ಲಿಯ ನಾಟಕ, ಅಲ್ಲಿಂದ ಯಾವುದೋ ಮಂಡಳಿಯ ಜೊತೆ ಮುಂಬೈ. ಹೊರಟಾಗ ಅಜ್ಜ ಮುಖ ತಿರುಗಿಸಿ ಕೂತಿದ್ದ. ಅವನ ತಾಯಿ, ಅಂದರೆ ನಾವು ಆಯಿ ಎಂದು ಕರೆಯುವ ನನ್ನ ಅಜ್ಜಿ, ರೊಟ್ಟಿಯ ಗಂಟು ಕೊಟ್ಟು ಒಂದೇ ಮಾತು ಹೇಳಿದಳಂತೆ. "ಎಲ್ಲಿಗರೆ ಹೋಗು, ಏನರೆ ಮಾಡು. ಕೊಳ್ಳಾಗಿಂದು ಮಾತ್ರ ತೆಗೀಬ್ಯಾಡ."

ಕೊರಳಲ್ಲಿದ್ದದ್ದು ಕರಡಿಗೆ, ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಸಣ್ಣ ಡಬ್ಬಿ. ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಸಮಾಧಿಯವರೆಗೂ ಮೈ ಬಿಟ್ಟು ಹೋಗಬಾರದು ಎಂಬುದು ನಮ್ಮಲ್ಲಿಯ ನೇಮ. ಈ ಒಂದು ನೇಮದಿಂದಲೇ ಕಾಕಾನ ಇಡೀ ಬಣ್ಣದ ಬದುಕು ಹೇಗೆ ತಿರುಗಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ಮೊದಲ ಸಿನಿಮಾದಲ್ಲಿ ಅವನಿಗೆ ಸಿಕ್ಕಿದ್ದು ಭಟ್ಟರ ಪಾತ್ರ. ಬರಿಮೈ, ಜನಿವಾರ, ಎರಡೇ ಮಾತು. ಬಟ್ಟೆ ನೋಡಿಕೊಳ್ಳುವವನು ಬಂದು, ಭಟ್ಟನ ಕೊರಳಲ್ಲಿ ಇದೇನು, ತೆಗಿ ಅಂದ. ಕಾಕಾ ಒಂದು ನಿಮಿಷ ಎಂದು ಚಕ್ಕಡಿಯ ಮರೆಗೆ ಹೋದ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ನೆತ್ತಿಯ ಮೇಲಿಟ್ಟು, ಚಕ್ಕಡಿಯವನ ರುಮಾಲು ಕೇಳಿ ತೆಗೆದುಕೊಂಡು ಅದರ ಮೇಲೆ ಬಿಗಿಯಾಗಿ ಸುತ್ತಿಕೊಂಡು ಬಂದ. ತಲೆಯ ಮೇಲೆ ಧರಿಸಿದರೆ ನೇಮಕ್ಕೆ ಕೊರತೆಯಿಲ್ಲ, ಗೌರವವೇ. ಆದರೆ ರುಮಾಲು ಸುತ್ತಿದ ಭಟ್ಟನನ್ನು ಯಾರು ನಂಬಬೇಕು? ಡೈರೆಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, ಇವನು ಥೇಟ್ ಪಾಟೀಲನ ಹಾಗೆ ಕಾಣುತ್ತಾನಲ್ಲ ಅಂದರಂತೆ. ಇದ್ದ ಕಥೆಯಲ್ಲಿ ಅಲ್ಲೇ ಒಬ್ಬ ಪಾಟೀಲ ಹುಟ್ಟಿಕೊಂಡ. ಭಟ್ಟನ ಮಾತು ಇನ್ನೊಬ್ಬನ ಪಾಲಾಯಿತು.

ಅಲ್ಲಿಂದ ಮುಂದೆ ಕಾಕಾ ಕಾಯಂ ಪಾಟೀಲ. ಪಾತ್ರ ಮಾಡುತ್ತೀಯಾ ಎಂದು ಕೇಳಲು ಯಾರಾದರೂ ಬಂದರೆ ಅವನ ಮೊದಲ ಪ್ರಶ್ನೆ, ರುಮಾಲು ಇರುತ್ತದೆಯೇ, ಇಲ್ಲದಿದ್ದರೆ ಅಂಗಿಯಾದರೂ ಇರುತ್ತದೆಯೇ ಎಂಬುದು. ಕೊಳದಲ್ಲಿ ಮೀಯುವ ಸಾಧು, ಕುಸ್ತಿಯ ಉಸ್ತಾದ, ಇಂಥವೆಲ್ಲ ಬಂದವು, ಹೋದವು. ಅವನದು ಬೋಳುತಲೆ, ಅದಕ್ಕೇ ನಾಚುತ್ತಾನೆ ಎಂದು ಮುಂಬೈಯವರು ತಪ್ಪು ತಿಳಿದಿದ್ದರು. ಕಾಕಾ ಅದನ್ನು ಅಲ್ಲಗಳೆಯಲಿಲ್ಲ. ಒಮ್ಮೆ ನಾನೇ ಕೇಳಿದ್ದೆ, "ಕಾಕಾ, ಖರೆ ಹೇಳಿಬಿಟ್ಟರ ಏನಾಗತದ?"

"ಹೇಳಿದರ ಪಾಪ ಅವರು ಸಂಭಾಳಸ್ತಾರ. ಆದ್ರ ಆಮ್ಯಾಲ ನಾ ನಟ ಉಳಿಯಂಗಿಲ್ಲ, ಅಯ್ಯನವರು ಆಗತೀನಿ. ಶೂಟಿಂಗ್‌ನಾಗ ಯಾರೂ ನನ್ನ ಮುಂದ ಬೀಡಿ ಸುದ್ದಾ ಸೇದಂಗಿಲ್ಲ. ಹಂಗ ಹೆಂಗ ಇರಲಿ?" ಅಂದ.

ಊರಿಗೆ ಬಂದಾಗಿನ ಅವನ ಮಜಾನೇ ಬೇರೆ. ಉಮರಗಾದಿಂದ ಕಾಸಾರಶಿರಸಿಗೆ ಬರುವ ಬಸ್ಸಿನಲ್ಲಿ ಒಮ್ಮೆ ಇಬ್ಬರು ಸೀಟಿಗಾಗಿ ಜಗಳ ತೆಗೆದಿದ್ದರು. ಒಬ್ಬ ಕರವಸ್ತ್ರ ಇಟ್ಟು ಹೋಗಿದ್ದ, ಇನ್ನೊಬ್ಬ ಕರವಸ್ತ್ರದ ಮೇಲೇ ಕೂತಿದ್ದ. ಕಂಡಕ್ಟರನಿಗೆ ಬಗೆಹರಿಯಲಿಲ್ಲ. ಹಿಂದೆ ಕೂತಿದ್ದ ಕಾಕಾನ ಗುರುತು ಹಿಡಿದು, "ಪಾಟೀಲಸಾಹೇಬ್ರೇ, ನೀವೇ ಹೇಳ್ರಿ" ಅಂದ. ಕಾಕಾ ಎದ್ದು ನಿಂತು, ಮೀಸೆಯ ಮೇಲೆ ಕೈಯಾಡಿಸಿ, ಧಾರಾವಾಹಿಯಲ್ಲಿ ಜಮೀನಿನ ವ್ಯಾಜ್ಯಕ್ಕೆ ಹೇಳಿದ್ದ ಮಾತನ್ನೇ ಆ ಸೀಟಿಗೆ ಹೇಳಿದ. ಇಬ್ಬರೂ ಒಪ್ಪಿ ಅರ್ಧರ್ಧ ಕೂತರು. ಅವನ ಪಕ್ಕದಲ್ಲಿದ್ದ ನಾನು ನಗು ತಡೆಯಲಾಗದೆ ಕಿಟಕಿಯ ಹೊರಗೆ ತಲೆ ಹಾಕಿದ್ದೆ.

ನಗೆಯ ನಡುವೆ ಹೇಳಬೇಕಾದ ಒಂದು ಮಾತಿದೆ. ಆಯಿಯ ತವರು ಸಾಸ್ತೂರ. ನಮ್ಮ ಸೀಮೆಯನ್ನೇ ನಡುಗಿಸಿದ ಆ ದೊಡ್ಡ ಭೂಕಂಪದಲ್ಲಿ ಅವಳ ಅಣ್ಣನ ಮನೆ ಪೂರ್ತಿ ಕುಸಿಯಿತು. ನಮ್ಮಲ್ಲಿ ಹೋದವರನ್ನು ಸುಡುವುದಿಲ್ಲ; ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರಿ ತುಂಬಿ ಸಮಾಧಿ ಮಾಡುತ್ತೇವೆ. ಆದರೆ ಆ ದಿನಗಳಲ್ಲಿ ತೆಗ್ಗು ತೋಡಲು ಊರಲ್ಲಿ ಕೈಗಳೇ ಉಳಿದಿರಲಿಲ್ಲ. ಸಿಕ್ಕವರನ್ನೆಲ್ಲ ಒಟ್ಟಿಗೆ ಸುಟ್ಟರು. ಆಯಿ ಅಲ್ಲಿ ಮುಟ್ಟುವಷ್ಟರಲ್ಲಿ ಅವಳ ಅಣ್ಣ ಆ ಬೆಂಕಿಯಲ್ಲಿದ್ದ. ಅವನ ಲಿಂಗ ಮೈಮೇಲಿತ್ತೋ, ಮಣ್ಣಿನಲ್ಲಿ ಬಿದ್ದಿತ್ತೋ, ಯಾರಿಗೂ ಗೊತ್ತಾಗಲಿಲ್ಲ. ಅವಳು ಅದರ ಬಗ್ಗೆ ಎಂದೂ ಮಾತಾಡಲಿಲ್ಲ. ಒಲೆಗೆ ಕಟ್ಟಿಗೆ ಒಡ್ಡುವಾಗ ಮಾತ್ರ ಕೆಲವೊಮ್ಮೆ ಸುಮ್ಮನೆ ನಿಂತುಬಿಡುತ್ತಿದ್ದಳು.

ಇದಾಗಿ ಕೆಲವು ವರ್ಷಗಳ ಮೇಲೆ ಒಂದು ಧಾರಾವಾಹಿಯಲ್ಲಿ ಕಾಕಾ ಸತ್ತ. ಓಣಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲೇ ಟಿವಿ ಮುಂದೆ ಸೇರಿದ್ದರು. ಪಾಟೀಲ ಎದೆ ಹಿಡಿದು ಬಿದ್ದಾಗ ಆಯಿ ಎಲೆ ಅಡಿಕೆ ಹಾಕಿಕೊಳ್ಳುತ್ತ, ಚಂದ ಬಿದ್ದ ಅಂದಳು. ಮುಂದಿನ ದೃಶ್ಯದಲ್ಲಿ ಚಿತೆಗೆ ಬೆಂಕಿ ಇಟ್ಟರು. ಆಯಿ ಎದ್ದು ಟಿವಿ ಆರಿಸಿ, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಕಾ ಮುಂಬೈಯಿಂದ ಓಡಿ ಬರಬೇಕಾಯಿತು.

"ಯವ್ವಾ, ಅದು ಬರೇ ಗೊಂಬಿ. ಆ ಹೊತ್ತಿಗೆ ನಾ ಆಚೀ ಕಡೆ ಚಹಾ ಕುಡಿಲತಿದ್ದೆ."

"ಸಾಯೋದು ಆಟ ಅಂತ ನನಗೂ ತಿಳೀತದ. ಆಟದಾಗ ಸಾಯಿ, ನಾ ಬ್ಯಾಡ ಅನ್ನಂಗಿಲ್ಲ. ಸುಡೋದು ಯಾಕ? ಸಾಸ್ತೂರದಾಗ ಒಮ್ಮೆ ನೋಡೀನಿ. ಮತ್ತ ನೋಡಂಗಿಲ್ಲ."

ಕಾಕಾ ಅವಳ ಕೈ ಮುಟ್ಟಿ ಮಾತು ಕೊಟ್ಟ. ಇನ್ನು ಮೇಲೆ ಯಾವ ಪಾತ್ರದಲ್ಲೂ ಚಿತೆ ಏರುವುದಿಲ್ಲ ಎಂದು. ಪಾಪ, ಆ ವಯಸ್ಸಿನ ಪಾತ್ರಗಳಿಗೆ ಇರುವ ಕೆಲಸವೇ ಸಾಯುವುದು. ಮುದುಕ ಸತ್ತರೆ ತಾನೆ ಆಸ್ತಿಯ ಜಗಳ ಶುರುವಾಗುವುದು, ಕಥೆ ಮುಂದೆ ಸಾಗುವುದು? ಕಾಕಾ ಬರೆಯುವವರ ಕೈಕಾಲು ಹಿಡಿದು ತನ್ನ ಪಾತ್ರಗಳನ್ನು ಕಾಶಿಗೆ ಕಳಿಸತೊಡಗಿದ. ಒಂದಾದ ಮೇಲೊಂದು ಧಾರಾವಾಹಿಯಲ್ಲಿ ಪಾಟೀಲರು ಕಾಶಿಗೆ ಹೋಗಿ ತಿರುಗಿ ಬರಲಿಲ್ಲ. ಸ್ಟುಡಿಯೋದಲ್ಲಿ ಅವನನ್ನು ಕಂಡರೆ, ಕಾಶಿಯಲ್ಲಿ ಚಳಿ ಹೇಗಿದೆ ಎಂದು ಕೇಳಿ ನಗುತ್ತಿದ್ದರಂತೆ.

ಕೂದಲೆಲ್ಲ ನರೆತ ಮೇಲೆ ಅವನಿಗೆ ಆ ಸಿನಿಮಾ ಬಂತು. ಒಬ್ಬ ತಂದೆಯ ಹೆಣ ಚಿತೆಯ ಮೇಲಿದೆ, ಮಕ್ಕಳು ಸುತ್ತ ನಿಂತು ಕಿತ್ತಾಡುತ್ತಿದ್ದಾರೆ. ಹೆಣದ ನೆನಪುಗಳೇ ಇಡೀ ಸಿನಿಮಾ. ಆ ತಂದೆ ಕಾಕಾನೇ ಆಗಬೇಕೆಂದು ಡೈರೆಕ್ಟರು ಹಟ ಹಿಡಿದಿದ್ದರು. ಜೀವಮಾನವೆಲ್ಲ ಪರದೆಯ ಅಂಚಿನಲ್ಲಿ ನಿಂತವನಿಗೆ ಮೊದಲ ಸಲ ನಟ್ಟನಡುವಿನ ಜಾಗ. ಅವನು ಹೂಂ ಅನ್ನದೆ, ಊಹೂಂ ಅನ್ನದೆ, ನೇರವಾಗಿ ಊರಿಗೆ ಬಂದ. ನಾನೂ ಆಗ ತವರಿಗೆ ಬಂದಿದ್ದೆ. ಆಯಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಾಕಾ ಅವಳ ಮುಂದೆ ಕೂತ.

"ಯವ್ವಾ, ಒಂದು ಸಿನಿಮಾ ಬಂದದ. ನಾನೇ ಬೇಕು ಅಂತಾರ."

"ಮಾಡು ಮತ್ತ."

"ಕಟ್ಟಿಗಿ ಮ್ಯಾಲ ಮಲಗಬೇಕಾಗತದ."

ಮೊರ ನಿಂತಿತು. "ಗೊಂಬಿ ಇಡಲಿ" ಅಂದಳು.

"ಇಲ್ಲ. ಬಾಜೂಕ ನಿಂತು ತೆಗೀತಾರ. ಗೊಂಬಿ ನಡೆಯಂಗಿಲ್ಲ."

"ರುಮಾಲ?"

"ಇರಂಗಿಲ್ಲ. ಅಂಗೀನೂ ಇಲ್ಲ. ಬರೇ ಮೈ."

"ಮತ್ತ ಲಿಂಗಪ್ಪ ಎಲ್ಲಿರಬೇಕು?"

"ಅದೇ ತಿಳೀದೆ ಬಂದೀನಿ. ನೀ ಬ್ಯಾಡ ಅಂದ್ರ ಬಿಡ್ತೀನಿ" ಅಂದ ಕಾಕಾ. ಆದರೆ ಅದು ಬಿಡುವವನ ಮುಖವಾಗಿರಲಿಲ್ಲ. ಅಷ್ಟು ವರ್ಷ ಅಷ್ಟು ಪಾತ್ರ ಮಾಡಿದವನಿಗೆ ಆ ಹೊತ್ತು ತಾಯಿಯ ಮುಂದೆ ಮುಖ ಮರೆಸಿಕೊಳ್ಳಲು ಬರಲಿಲ್ಲ. ಆಯಿ ಮೊರ ಸರಿಸಿ, ಅವನ ಎಡಗೈ ಎಳೆದುಕೊಂಡು, ಅಂಗೈ ಬಿಡಿಸಿ, ಒಂದೊಂದೇ ಬೆರಳು ಮಡಚಿ ಮುಷ್ಟಿ ಮಾಡಿದಳು.

"ಇಲ್ಲಿ ಇರಲಿ. ನಮ್ಮವರು ಹೋಗುವಾಗ ಇಲ್ಲೇ ಇರತದ. ಅವರು ಬೆಂಕಿ ಹಚ್ಚಲಿ, ಏನರೆ ಹಚ್ಚಲಿ, ನೀ ಮುಠ್ಠಿ ಬಿಡಬ್ಯಾಡ."

ಶೂಟಿಂಗಿನಲ್ಲಿ ಡೈರೆಕ್ಟರಿಗೆ ಬೇಕಾಗಿದ್ದದ್ದು ಸಡಿಲವಾಗಿ ಬಿಚ್ಚಿಬಿದ್ದ ಕೈ. "ಕಾಕಾ, ಹಾತ ಸೈಲ ಸೋಡಾ" ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಕೂಗಿದರಂತೆ, ಕೈ ಸಡಿಲ ಬಿಡಿ ಎಂದು. ಹೆಣ ಮಲಗಿದಲ್ಲಿಂದಲೇ, ಸಾಹೇಬರೇ, ಹೆಣ ಸೆಟೆದುಕೊಳ್ಳುತ್ತದೆ ಎಂದು ವಾದ ಮಾಡಿತು. ಕೊನೆಗೆ ಸಂಜೆಯ ಬಿಸಿಲು ಓಡುತ್ತಿದೆ ಎಂದು ಹೆದರಿ ಅವರು ಹಾಗೇ ತೆಗೆದುಬಿಟ್ಟರು. ಈ ಕಥೆ ಹೇಳುವಾಗ ಕಾಕಾ ಡೈರೆಕ್ಟರೂ ಆಗುತ್ತಿದ್ದ, ಹೆಣವೂ ಆಗುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಸಿನಿಮಾ ನಿಲಂಗಾಕ್ಕೆ ಬಂದಾಗ ಜೀಪು ಮಾಡಿಕೊಂಡು ಎಲ್ಲರೂ ಹೋದೆವು. ಚಿತೆಯ ದೃಶ್ಯ ಬಂದಾಗ ನಾನು ಪರದೆ ಬಿಟ್ಟು ಆಯಿಯನ್ನು ನೋಡಿದೆ. ಅವಳು ಕಣ್ಣು ಮಿಟುಕಿಸದೆ ಆ ಕೈಯನ್ನೇ ನೋಡುತ್ತಿದ್ದಳು. ಮಡಿಲಲ್ಲಿದ್ದ ಅವಳ ಎಡಗೈಯೂ ಮುಷ್ಟಿಯಾಗಿತ್ತು. ಹೊರಗೆ ಬಂದ ಮೇಲೆ, ಸಿನಿಮಾ ಹೇಗಿತ್ತು ಎಂದು ಕಾಕಾ ಅಂಜುತ್ತಲೇ ಕೇಳಿದ. "ಬರೋಬ್ಬರ ಹಿಡದಿದ್ದಿ" ಅಂದಳು, ಸರಿಯಾಗಿ ಹಿಡಿದಿದ್ದೀ ಎಂದು. ಆ ಪಾತ್ರಕ್ಕಾಗಿ ಮುಂದೆ ಅವನಿಗೆ ಶಾಲು, ಸನ್ಮಾನ ಎಲ್ಲ ಬಂದವು. ಉಮರಗಾದಲ್ಲಿ ಸನ್ಮಾನ ಮಾಡಿದವರು ತಲೆಗೆ ಮತ್ತೊಂದು ರುಮಾಲೇ ಸುತ್ತಿದರು. ಆದರೆ ಕಾಕಾ ಕೊನೆಯವರೆಗೂ ಹೇಳಿಕೊಂಡು ತಿರುಗಿದ್ದು ಆಯಿಯ ಆ ಎರಡು ಮಾತನ್ನು.

ಇಲ್ಲಿಂದ ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ರೋಗದ ವರ್ಷ, ಯಾರೂ ಯಾರ ಮನೆಗೂ ಹೋಗಲಾಗದ ದಿನಗಳಲ್ಲಿ, ಕಾಕಾ ಮುಂಬೈಯ ಒಂದು ಆಸ್ಪತ್ರೆ ಸೇರಿದ. ಅಣ್ಣನ ಫೋನಿನಲ್ಲಿ ಅವನ ಮುಖ ಕಂಡಿತು. ಮೂಗು ಬಾಯಿಗೆಲ್ಲ ಮುಖವಾಡ ಕಟ್ಟಿದ್ದರು, ಮಾತು ಸಾಧ್ಯವಿರಲಿಲ್ಲ. ನಾನು ಆಗ ಕಾಸಾರಶಿರಸಿಯಲ್ಲೇ ಸಿಕ್ಕಿಕೊಂಡಿದ್ದೆ. ಎಲ್ಲರೂ ಫೋನಿನ ಸುತ್ತ ನೆರೆದು, ಕಾಕಾ, ಕಾಕಾ ಅಂದೆವು. ಅವನು ನಮ್ಮನ್ನೆಲ್ಲ ದಾಟಿ ಯಾರನ್ನೋ ಹುಡುಕಿದ. ಆಯಿಯನ್ನು ಮುಂದೆ ಕೂರಿಸಿದೆವು. ಅವನು ಎಡಗೈ ಎತ್ತಿ, ಬಿಗಿದ ಮುಷ್ಟಿಯನ್ನು ಫೋನಿನ ಹತ್ತಿರ ತಂದು ಹಿಡಿದ.

"ಹೆದರಬ್ಯಾಡ್ರಿ ಅಂತ ಧೈರ್ಯಾ ಹೇಳಲತ್ಯಾನ" ಅಂದ ಅಣ್ಣ. ನಾವೆಲ್ಲ ನಮ್ಮ ಮುಷ್ಟಿ ಎತ್ತಿ, ಹೂಂ ಕಾಕಾ, ಹೆದರಂಗಿಲ್ಲ ಕಾಕಾ ಎಂದು ಕೂಗಿದೆವು. ಆಯಿ ಮಾತ್ರ ಕೈ ಎತ್ತದೆ ನೋಡುತ್ತ ಕೂತಿದ್ದಳು. ಮರುದಿನ ಅವನು ಹೋದ.

ಅಲ್ಲಿಯ ಅಂದಿನ ನಿಯಮ, ಸುಡಲೇಬೇಕಾಯಿತು. ಅವನ ಹೆಂಡತಿ, ನಮ್ಮ ಕಾಕಿಯೂ ಜ್ವರದಲ್ಲಿದ್ದಳು, ದೂರದಿಂದ ಹೊಗೆ ನೋಡಿದ್ದಷ್ಟೇ. ಇದನ್ನು ಆಯಿಗೆ ಹೇಗೆ ಹೇಳುವುದು? ಸಾಸ್ತೂರದ ಬೆಂಕಿ ನೋಡಿದವಳಿಗೆ, ಮಗನಿಂದ ಮಾತು ತೆಗೆದುಕೊಂಡವಳಿಗೆ? ಮುಂಬೈಯ ಮಠದವರು ಬಂದು ಎಲ್ಲ ಸರಿಯಾಗಿ ಮಾಡಿದರು, ಕೂರಿಸಿದರು ಎಂದು ಅಣ್ಣ ಹೇಳಿದ. ಆಯಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಿಂಗಳುಗಳ ಮೇಲೆ ಕಾಕಿ ಬಂದಾಗ ಆಸ್ಪತ್ರೆಯಿಂದ ಸಿಕ್ಕ ಚೀಲವನ್ನು ಅಣ್ಣನ ಕೈಗೆ ಕೊಟ್ಟಳು. ಕನ್ನಡಕ, ಫೋನು, ಕೈಗಡಿಯಾರ, ಕರಡಿಗೆ. ಅಣ್ಣ ಕರಡಿಗೆ ತೆರೆದ. ಒಳಗೆ ಏನೂ ಇರಲಿಲ್ಲ. ಆ ಗಡಿಬಿಡಿಯಲ್ಲಿ ಲಿಂಗ ಎಲ್ಲೋ ಬಿದ್ದುಹೋಗಿದೆ ಎಂದುಕೊಂಡು ನಾವು ಮೂವರೂ ಅತ್ತೆವು. ಸುಟ್ಟದ್ದು ಒಂದು ನೋವು, ಲಿಂಗವಿಲ್ಲದೆ ಹೋದ ಎಂಬುದು ಅದಕ್ಕಿಂತ ದೊಡ್ಡ ನೋವು. ಅಣ್ಣ ಕರಡಿಗೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಊರಿನ ಎಲ್ಲರ ಕೊನೆಯ ಕೆಲಸ ಮಾಡುವ ನನ್ನ ಅಣ್ಣ, ತನ್ನ ಕಾಕಾನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾನೆ.

ಆ ವಿಡಿಯೋ ಸಿಕ್ಕ ವಾರವೇ ನಾನೂ ಪಲ್ಲವಿಯೂ ಕಾಸಾರಶಿರಸಿಗೆ ಹೋದೆವು. ಆಯಿ ಈಗ ಬಾಗಿ ಬಿಲ್ಲಾಗಿದ್ದಾಳೆ, ಕಣ್ಣು ಮಾತ್ರ ಚುರುಕು. ನಾನು ಕಾಲು ತೊಳೆದು ಬರುವಷ್ಟರಲ್ಲಿ ಪಲ್ಲವಿ ಅವಳ ಪಕ್ಕದಲ್ಲಿ ಕೂತು, "ದೊಡ್ಡಾಯಿ, ಅಜ್ಜ ಫೋನಿನಾಗ ಬಂದಾನ" ಎಂದು ತೋರಿಸಿಯೇಬಿಟ್ಟಿದ್ದಳು. ಓಡಿ ಹೋಗಿ ಫೋನು ತೆಗೆದುಕೊಳ್ಳಲು ಕೈ ಚಾಚಿದರೆ ಆಯಿ ನನ್ನ ಕೈ ಸರಿಸಿದಳು.

"ಏನಂತಾನ ಆ ಹುಡುಗ?"

"ಸತ್ತವರ ಕೈ ಮುಚ್ಚಿರಂಗಿಲ್ಲ, ಇದು ತಪ್ಪು ಅಂತಾನ" ಅಂದಳು ಪಲ್ಲವಿ.

"ಅವಗೇನು ಗೊತ್ತು" ಎಂದು ಆಯಿ ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಾದಾ ದನಿಯಲ್ಲಿ ಹೇಳಿದಳು. "ದವಾಖಾನಿಯಾಗ ಅಂವಾ ನನಗ ತೋರಿಸಿದ್ದೂ ಇದೇ. ನೀವು ಶಾಣ್ಯಾರು, ಧೈರ್ಯಾ ಹೇಳ್ಯಾನ ಅಂತ ಕೈ ಎತ್ತಿ ಎತ್ತಿ ಕೂಗಿದ್ರಿ."

ನಾನು ಅವಳ ಎದುರು ಕೂತೆ. "ಆಯಿ, ನಿನಗ ಗೊತ್ತಿತ್ತಾ?"

"ಸುಟ್ಟಾರ ಅನ್ನೋದೂ ಗೊತ್ತದ. ಅದಕ್ಕೇ ಅಲ್ಲೇನು ಅಂವಾ ಮುಠ್ಠಿ ಹಿಡದು ತೋರಸಿದ್ದು? ಯವ್ವಾ, ಈ ಸರ್ತಿ ಕಟ್ಟಿಗಿ ತಪ್ಪಂಗಿಲ್ಲ, ಆದ್ರ ಬರೋಬ್ಬರ ಹಿಡದೀನಿ ಅಂತ."

"ಮತ್ತ ಇಷ್ಟು ದಿನಾ ಯಾಕ ಸುಮ್ಮನ ಇದ್ದಿ?"

"ನಿಮ್ಮಣ್ಣ ಅಷ್ಟು ಜೋಪಾನದಿಂದ ಸುಳ್ಳು ಹೇಳ್ಯಾನ. ನಾ ಯಾಕ ಮುರೀಲಿ? ನಿಮಗ ಅದರಾಗ ಸಮಾಧಾನ ಅದ ಅಂತ ತಿಳಕೊಂಡಿದ್ದೆ."

ಬಾಗಿಲಲ್ಲಿ ಅಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಳಗೆ ಹೋಗಿ ಕಪಾಟಿನ ಕೀಲಿ ತೆಗೆದು, ಕರಡಿಗೆ ತಂದು ಆಯಿಯ ಮಡಿಲಲ್ಲಿಟ್ಟು, ಅಪರಾಧಿಯ ಹಾಗೆ ಅವಳ ಮುಂದೆ ಕೂತ. ಆಯಿ ಉಗುರಿನಿಂದ ಮುಚ್ಚಳ ಎಬ್ಬಿಸಿದಳು. ಒಳಗೆ ಬೆರಳಾಡಿಸಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಆ ನಿಲಂಗಾದ ಸಿನಿಮಾ ಮುಗಿದ ದಿನದ ನಂತರ ನೋಡಿರಲಿಲ್ಲ.

"ಖಾಲಿ ಅದ" ಅಂದಳು. "ನೋಡ್ರಿ, ಖಾಲಿ ಅದ. ತಗೊಂಡೇ ಹೋಗ್ಯಾನ."

ಅಣ್ಣ ಅವಳ ಮೊಣಕಾಲಿಗೆ ತಲೆ ಹಚ್ಚಿ ಅತ್ತ. ಆಯಿ ಅವನ ತಲೆ ಸವರುತ್ತ, ಇದನ್ನು ಎಷ್ಟು ಮಂದಿ ನೋಡಿರಬಹುದು ಎಂದು ಪಲ್ಲವಿಯನ್ನು ಕೇಳಿದಳು. ಲಕ್ಷಗಟ್ಟಲೆ ಅಂದಳು ಅವಳು. "ಎಲ್ಲಾರೂ ಕೈನೇ ನೋಡ್ಯಾರೇನು?" "ಹೂಂ ದೊಡ್ಡಾಯಿ, ಗೆರಿ ಹೊಡೆದು ತೋರಸ್ಯಾನಲ್ಲ." ಆಯಿ ತಲೆಯಾಡಿಸಿ, ಮುಚ್ಚಳ ಹಾಕಿ, ಆ ವಿಡಿಯೋ ಮತ್ತೊಮ್ಮೆ ಹಚ್ಚು ಅಂದಳು.

ತಿರುಗಿ ಬರುವಾಗ ಬಸ್ಸು ನಿಲಂಗಾ ದಾಟಿದ ಮೇಲೆ ಪಲ್ಲವಿಯ ಫೋನು ತೆಗೆದುಕೊಂಡೆ. ನನ್ನ ಉತ್ತರ ಕಳಿಸದೆ ಹಾಗೇ ಉಳಿದಿತ್ತು, ಇಷ್ಟುದ್ದ, ಬೈಗುಳಗಳೆಲ್ಲ ಜೋಡಿಸಿಟ್ಟ ಹಾಗೆ. ಅಳಿಸಿದೆ.

"ಯಾಕ ಅಳಿಸಿದಿ ಮಮ್ಮಿ? ಅದು ತಪ್ಪಲ್ಲ ಅಂತ ಅವಗ ಹೇಳಬೇಕಿತ್ತಲ್ಲ."

"ಬ್ಯಾಡ ಬಿಡು" ಅಂದೆ. "ತಪ್ಪು ಅಂತ ಹೇಳ್ಕೋತ ಹೋಗಲಿ. ಅಂವಾ ಹೇಳಿದಷ್ಟೂ ಮಂದಿ ನಮ್ಮ ಕಾಕಾನ ಕೈ ನೋಡ್ತಾರ."